ಮಾತ್ರೆ ನಾಟದಿದ್ದರೆ ಮುಂದೇನು?

ಮನೋವೈದ್ಯರ ಕೊಠಡಿಯ ಹೊರಗೆ ಸರದಿ ಕಾಯುತ್ತ ಕೂತವರ ತೊಡೆಯ ಮೇಲೆ ಬಹಳ ಸಲ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಮೂರ್ನಾಲ್ಕು ಊರಿನ ಡಾಕ್ಟರ ಚೀಟಿಗಳು, ಅರ್ಧ ನುಂಗಿ ಉಳಿದ ಮಾತ್ರೆಯ ಪಟ್ಟಿಗಳು, ರಕ್ತಪರೀಕ್ಷೆಯ ಹಾಳೆಗಳು, ಒಮ್ಮೊಮ್ಮೆ ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ. ಕವರ್ ದಪ್ಪವಾದಷ್ಟೂ ಜೊತೆಗೆ ಬಂದವರ ಮುಖ ಬಾಡಿರುತ್ತದೆ. ಒಳಗೆ ಹೋದೊಡನೆ ಅವರಾಡುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಎಲ್ಲ ಕಡೆ ತೋರಿಸಿ ಆಯ್ತು ಡಾಕ್ಟ್ರೇ, ಯಾವ ಔಷಧೀನೂ ನಾಟ್ತಿಲ್ಲ."

ನಾಟುವುದು ಗದ್ದೆಯ ಮಾತು. ನಾಟಿ ಮಾಡಿದ ಸಸಿ ಬೇರು ಹಿಡಿಯದಿದ್ದರೆ ರೈತ ನೆಲವನ್ನೊಂದೇ ದೂರಿ ಸುಮ್ಮನಾಗುವುದಿಲ್ಲ. ಬೀಜ ಯಾವುದು, ನೀರು ಎಷ್ಟು ನಿಂತಿತು, ಹದ ಇತ್ತೇ, ಕಾಲ ಮೀರಿತ್ತೇ ಎಂದು ನೋಡುತ್ತಾನೆ. ಮನಸ್ಸಿನ ಕಾಯಿಲೆಯ ವಿಷಯಕ್ಕೆ ಬಂದಾಗ ನಾವು ನೆಲವನ್ನೇ ದೂರುತ್ತೇವೆ. "ಅವಳಿಗೇ ಗುಣ ಆಗೋ ಮನಸ್ಸಿಲ್ಲ" ಎನ್ನುತ್ತೇವೆ. ಆ ಮಾತನ್ನು ಅವಳೂ ಕೇಳಿಸಿಕೊಳ್ಳುತ್ತಾಳೆ, ಕೊನೆಗೆ ನಂಬುತ್ತಾಳೆ.

ವೈದ್ಯರ ಭಾಷೆಯಲ್ಲಿ ಇದು ಚಿಕಿತ್ಸೆಗೆ ಜಗ್ಗದ ಖಿನ್ನತೆ. ಎರಡು ಬೇರೆ ಬೇರೆ ಖಿನ್ನತೆಯ ಮಾತ್ರೆಗಳನ್ನು ತಕ್ಕ ಪ್ರಮಾಣದಲ್ಲಿ, ತಲಾ ಆರರಿಂದ ಎಂಟು ವಾರ ತೆಗೆದುಕೊಂಡ ಮೇಲೂ ಹೇಳಿಕೊಳ್ಳುವಂಥ ಗುಣ ಕಾಣದಿದ್ದರೆ ಸಾಮಾನ್ಯವಾಗಿ ಈ ಹೆಸರು ಬೀಳುತ್ತದೆ. ಹೆಸರು ನನಗೆ ಹಿಡಿಸುವುದಿಲ್ಲ. ಜಗ್ಗದೇ ಇರುವುದು ರೋಗಿಯ ಹಟವೇನೋ ಎಂಬಂತೆ ಕೇಳಿಸುತ್ತದೆ. ಸೋತಿರುವುದು ಎರಡು ಮಾತ್ರೆ, ಅಷ್ಟೇ.

ಅಮೆರಿಕದಲ್ಲಿ ಖಿನ್ನತೆಯ 4,000ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ನಡೆದ ‘ಸ್ಟಾರ್-ಡಿ’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2006ರಲ್ಲಿ ಹೊರಬಂತು. ಎಲ್ಲರಿಗೂ ಮೊದಲು ಸಿಟಾಲೊಪ್ರಾಮ್ ಎಂಬ ಒಂದೇ ಮಾತ್ರೆ. ಅದರಲ್ಲಿ ಗುಣ ಕಾಣದವರಿಗೆ ಎರಡನೆಯ ಮೆಟ್ಟಿಲು, ಅಲ್ಲೂ ಆಗದವರಿಗೆ ಮೂರನೆಯದು, ನಾಲ್ಕನೆಯದು. ಮೊದಲ ಮೆಟ್ಟಿಲಲ್ಲಿ ನೂರಕ್ಕೆ ಸುಮಾರು 37 ಮಂದಿ ಚೇತರಿಸಿಕೊಂಡರು, ಎರಡನೆಯದರಲ್ಲಿ 31. ಮೂರನೆಯದಕ್ಕೆ ಬರುವಷ್ಟರಲ್ಲಿ ಅದು 14ಕ್ಕೆ ಕುಸಿಯಿತು, ನಾಲ್ಕನೆಯದರಲ್ಲಿ 13. ನಾಲ್ಕೂ ಮೆಟ್ಟಿಲು ಹತ್ತಿದರೆ ಒಟ್ಟಾರೆ 67 ಮಂದಿ ಗುಣವಾಗುತ್ತಾರೆ ಎಂಬ ಲೆಕ್ಕ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಚಾಲ್ತಿಯಲ್ಲಿತ್ತು. ನಡುವೆ ಬಿಟ್ಟುಹೋದವರೂ ಉಳಿದವರಷ್ಟೇ ಗುಣವಾಗಿರುತ್ತಿದ್ದರು ಎಂದು ಆ ಲೆಕ್ಕ ಭಾವಿಸಿಕೊಂಡಿತ್ತು. 2023ರಲ್ಲಿ ಬೇರೆ ಸಂಶೋಧಕರು ಮೂಲ ಮಾಹಿತಿಯನ್ನು ಮೊದಲೇ ಗೊತ್ತುಮಾಡಿದ್ದ ನಿಯಮದಂತೆ ಮತ್ತೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ಸುಮಾರು 35. ಮೂಲ ಸಂಶೋಧಕರು ಇದನ್ನು ಒಪ್ಪಲಿಲ್ಲ. ಯಾರ ಲೆಕ್ಕ ಹಿಡಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಎರಡು ಮಾತ್ರೆ ಸೋತ ಮೇಲೆ ಅದೇ ಬಗೆಯ ಮೂರನೆಯ ಮಾತ್ರೆಗೆ ಬದಲಾಯಿಸಿದರೆ ಗೆಲ್ಲುವ ಅವಕಾಶ ಕಡಿಮೆ. ಅಲ್ಲಿ ಬದಲಾಗಬೇಕಾದದ್ದು ಚಿಕಿತ್ಸೆಯ ದಾರಿಯೇ.

ದಾರಿ ಬದಲಾಯಿಸುವ ಮೊದಲು ಒಳ್ಳೆಯ ವೈದ್ಯರು ಆ ಕವರನ್ನು ಮೇಜಿನ ಮೇಲೆ ಬಿಚ್ಚುತ್ತಾರೆ. ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಮೊದಲ ಮಾತ್ರೆ ಹತ್ತೇ ದಿನ ತೆಗೆದುಕೊಂಡು, ಹೊಟ್ಟೆ ತೊಳಸಿತೆಂದು ಬಿಟ್ಟದ್ದು. ಎರಡನೆಯದು ಆರಂಭದ ಸಣ್ಣ ಡೋಸಿನಲ್ಲೇ ವರ್ಷಗಟ್ಟಲೆ ನಿಂತುಬಿಟ್ಟದ್ದು. ಮೂರನೆಯದು ನಿದ್ದೆಯ ಗುಳಿಗೆ, ಖಿನ್ನತೆಯ ಔಷಧವೇ ಅಲ್ಲ. ಥೈರಾಯ್ಡ್ ಪರೀಕ್ಷೆ ಯಾರೂ ಮಾಡಿಸಿಲ್ಲ, ಬಿ12 ನೋಡಿಲ್ಲ. ಹಾಲು ಮೊಸರೂ ಅಷ್ಟಾಗಿ ತಿನ್ನದ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಸುಸ್ತು, ಮರೆವು, ಮಂಕು ಎಲ್ಲವನ್ನೂ ಅದು ತರಬಲ್ಲದು. ಸಂಜೆಯ ಕುಡಿತದ ವಿಷಯ ಹೆಂಡತಿಯ ಎದುರು ಬಾಯಿಗೆ ಬರುವುದಿಲ್ಲ. ಗಂಡನ ಹೊಡೆತದ ವಿಷಯ ಗಂಡನೇ ಪಕ್ಕದಲ್ಲಿ ಕೂತಿರುವಾಗ ಬರುವುದಿಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಎಷ್ಟು ಮಾತ್ರೆ ಕೊಟ್ಟರೂ ಬೆಳಗಿನ ಜಡ ಹೋಗುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಇದು ಬರೀ ಖಿನ್ನತೆಯೇ, ಅಥವಾ ಬೈಪೋಲಾರ್ ಕಾಯಿಲೆಯ ಒಂದು ದಡವೇ?

ಬೈಪೋಲಾರ್ ಎಂದರೆ ಮನಸ್ಸು ಕೆಲಕಾಲ ಪಾತಾಳಕ್ಕಿಳಿದು, ಕೆಲಕಾಲ ಅಳತೆ ಮೀರಿ ಏರುವ ಕಾಯಿಲೆ. ಇಳಿದಾಗ ಜನ ಡಾಕ್ಟರ ಹತ್ತಿರ ಬರುತ್ತಾರೆ, ಏರಿದಾಗ ಬರುವುದಿಲ್ಲ. ಏರಿಕೆ ಸಣ್ಣದಾಗಿದ್ದರಂತೂ ಅದನ್ನು ಕಾಯಿಲೆ ಎಂದು ಯಾರೂ ಅಂದುಕೊಳ್ಳುವುದಿಲ್ಲ, ಹುಡುಗ ಆಗ ಬಹಳ ಚುರುಕಾಗಿದ್ದ ಎಂದು ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ವೈದ್ಯರು ಮನೆಯವರನ್ನು ಕೇಳಬೇಕಾಗುತ್ತದೆ: ದಿನಕ್ಕೆ ಮೂರೇ ಗಂಟೆ ಮಲಗಿಯೂ ದಣಿವಿಲ್ಲದೆ ಓಡಾಡಿದ ದಿನಗಳು ಇದ್ದವೇ? ಆಗ ಮಾತು ಜಾಸ್ತಿಯಾಗಿತ್ತೇ? ಸಾಲ ಮಾಡಿ ಏನಾದರೂ ಕೊಂಡರೇ, ಇದ್ದಕ್ಕಿದ್ದಂತೆ ಹೊಸ ವ್ಯಾಪಾರಕ್ಕೆ ಕೈಹಾಕಿದರೇ? ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ? ಹೆಣ್ಣುಮಕ್ಕಳ ವಿಷಯದಲ್ಲಿ ಮತ್ತೊಂದು ಪ್ರಶ್ನೆ: ಹೆರಿಗೆಯಾದ ಹೊಸದರಲ್ಲಿ ಏನಾದರೂ ಆಗಿತ್ತೇ? ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿ ಎಷ್ಟೋ ಸಲ ಬೈಪೋಲಾರ್ ಕಾಯಿಲೆ ಮೊದಲು ತಲೆ ಎತ್ತುವ ರೂಪ.

ಈ ಪ್ರಶ್ನೆಗಳಿಗೆ ಹೌದು ಎಂಬ ಉತ್ತರ ಬಂದರೆ ಕವರಿನೊಳಗಿನ ಎಲ್ಲದಕ್ಕೂ ಬೇರೆ ಅರ್ಥ ಬರುತ್ತದೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಕೆಲವರಲ್ಲಿ ಅದು ಉನ್ಮಾದಕ್ಕೆ, ಅಂದರೆ ಆ ಅಳತೆ ಮೀರಿದ ಏರಿಕೆಗೆ, ತಳ್ಳುತ್ತದೆ. ಇನ್ನು ಕೆಲವರಲ್ಲಿ ಏರಿಳಿತ ಇನ್ನಷ್ಟು ಬೇಗ ಬೇಗ ಮರುಕಳಿಸುತ್ತದೆ. ಮನಸ್ಸನ್ನು ಸ್ಥಿರವಾಗಿಡುವ ಔಷಧದ ಜೊತೆಗೆ ಖಿನ್ನತೆಯ ಮಾತ್ರೆ ಸೇರಿಸಿದರೂ ಹೆಚ್ಚಿನ ಲಾಭವಾಗಲಿಲ್ಲವೆಂದು ಅಮೆರಿಕದ ಒಂದು ದೊಡ್ಡ ಅಧ್ಯಯನ 2007ರಲ್ಲಿ ತೋರಿಸಿತು. ಇವರಿಗೆ ಬೇಕಾದದ್ದು ಬೇರೆಯೇ ಗುಂಪಿನ ಔಷಧಗಳು: ಲಿಥಿಯಮ್, ಕ್ವೆಟಿಯಾಪಿನ್, ಲುರಾಸಿಡೋನ್, ಲ್ಯಾಮೊಟ್ರಿಜಿನ್. ವಾಲ್‌ಪ್ರೊಯೇಟ್ ಕೂಡ ಇದೆ. ಆದರೆ ಗರ್ಭದಲ್ಲಿರುವ ಮಗುವಿನ ಅಂಗರಚನೆಗೂ ಬುದ್ಧಿ ಬೆಳವಣಿಗೆಗೂ ಅದು ಹಾನಿ ಮಾಡುವುದರಿಂದ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಅದನ್ನು ಕೊಡದಿರುವುದೇ ಲೇಸು. ಉನ್ಮಾದ ಯಾವುದಕ್ಕೂ ಬಗ್ಗದಾಗ ಕ್ಲೋಜಪಿನ್ ಎಂಬ ಹಳೆಯ ಔಷಧ ಕೆಲವರನ್ನು ಕಾಪಾಡಿದೆ. ವಾರವಾರ ರಕ್ತದ ಕಣ ಎಣಿಸುತ್ತ ಅದನ್ನು ಶುರುಮಾಡಬೇಕು.

ಈ ಪಟ್ಟಿಯಲ್ಲಿ ಲಿಥಿಯಮ್ ಮೇಲೆ ನನಗೆ ವಿಶೇಷ ಗೌರವ. ಅದು ಯಾವ ಕಂಪನಿಯೂ ಕಂಡುಹಿಡಿದದ್ದಲ್ಲ, ಭೂಮಿಯ ಕಲ್ಲುಗಳಲ್ಲಿರುವ ಲೋಹ, ಧಾತುಗಳ ಸಾಲಿನಲ್ಲಿ ಮೂರನೆಯದು. ಜಾನ್ ಕೇಡ್ ಎಂಬ ಆಸ್ಟ್ರೇಲಿಯಾದ ವೈದ್ಯ ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಕೈದಿಯಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದವರು. ಹುಚ್ಚಿಗೂ ದೇಹದೊಳಗೇ ಕಾರಣವಿರಬೇಕೆಂಬ ಯೋಚನೆ ಅವರಿಗೆ ಅಂಟಿಕೊಂಡಿತ್ತು. ಯುದ್ಧ ಮುಗಿದ ಮೇಲೆ ಮೆಲ್ಬರ್ನ್ ಬಳಿಯ ಬುಂಡೂರಾ ಆಸ್ಪತ್ರೆಯಲ್ಲಿ, ಬಳಸದೆ ಬಿದ್ದಿದ್ದ ಅಡುಗೆಯ ಕೋಣೆಯಂಥ ಜಾಗದಲ್ಲಿ ಗಿನಿಯಿಲಿಗಳ ಮೇಲೆ ಪ್ರಯೋಗ ಶುರುಮಾಡಿದರು. ಯೂರಿಕ್ ಆಮ್ಲವನ್ನು ನೀರಲ್ಲಿ ಕರಗಿಸಲು ಸುಲಭವಾಗಲೆಂದು ಲಿಥಿಯಮ್ ಲವಣ ಬಳಸಿದಾಗ ಗಿನಿಯಿಲಿಗಳು ಎಂದೂ ಇಲ್ಲದಷ್ಟು ಶಾಂತವಾದವು. ಲಿಥಿಯಮ್ ಅನ್ನು ಮೊದಲು ತಾವೇ ಸೇವಿಸಿ ನೋಡಿ, ಆಮೇಲೆ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟರು. ವರದಿ ಪ್ರಕಟವಾದದ್ದು 1949ರಲ್ಲಿ.

ಆ ಹತ್ತು ಮಂದಿಯಲ್ಲಿ ಮೊದಲನೆಯವರಿಗೆ 51 ವರ್ಷ. ಐದು ವರ್ಷದಿಂದ ಬಿಡುವಿಲ್ಲದ ಉನ್ಮಾದ. ವಾರ್ಡಿನಲ್ಲೇ ಎಲ್ಲರಿಗಿಂತ ಕಷ್ಟದ ರೋಗಿ. ಲಿಥಿಯಮ್ ಶುರುವಾದ ಕೆಲವೇ ತಿಂಗಳಲ್ಲಿ ಅವರು ಮನೆಗೆ ಹೋದರು, ಹಳೆಯ ಕೆಲಸಕ್ಕೆ ಸೇರಿದರು. ಗುಣವಾಯಿತಲ್ಲ ಎಂದು ಔಷಧ ಬಿಟ್ಟರು. ಆರು ತಿಂಗಳೊಳಗೆ ಮತ್ತೆ ಆಸ್ಪತ್ರೆಗೆ ಬಂದರು. ಮತ್ತೆ ಲಿಥಿಯಮ್. 1950ರಲ್ಲಿ ಅದೇ ಲಿಥಿಯಮ್ ವಿಷವಾಗಿ ಅವರು ತೀರಿಕೊಂಡರು. ಆಗ ರಕ್ತದಲ್ಲಿ ಅದರ ಮಟ್ಟ ಅಳೆಯುವ ಪದ್ಧತಿ ಇರಲಿಲ್ಲ. ಈ ಮೊದಲ ರೋಗಿಯ ಎರಡು ವರ್ಷಗಳಲ್ಲಿ ಲಿಥಿಯಮ್‌ನ ಒಳಿತು, ಅಪಾಯ ಎರಡೂ ಬಂದುಹೋದವು. ಕೇಡ್ ಹಿಂದೆ ಸರಿದರು. ಡೆನ್ಮಾರ್ಕಿನ ಮೊಗೆನ್ಸ್ ಷೌ ಕೈಬಿಡಲಿಲ್ಲ. 1954ರಲ್ಲಿ ಅವರ ಕ್ರಮಬದ್ಧ ಪ್ರಯೋಗ ಪ್ರಕಟವಾಯಿತು. ಅವರ ಸ್ವಂತ ತಮ್ಮ ವರ್ಷವರ್ಷವೂ ಖಿನ್ನತೆಯಲ್ಲಿ ಬೀಳುತ್ತಿದ್ದವರು, ಲಿಥಿಯಮ್‌ನಿಂದ ಆ ಸುಳಿಯಿಂದ ಹೊರಬಂದರು. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1970ರಲ್ಲಿ.

ಇವತ್ತು ರಕ್ತದಲ್ಲಿ ಲಿಥಿಯಮ್ ಲೀಟರಿಗೆ ಸುಮಾರು 0.6ರಿಂದ 1 ಮಿಲಿಮೋಲ್ ನಡುವೆ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ ಶುರು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೊದಲು, ತೂರಾಡುವ ನಡಿಗೆ ಕಂಡರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ಥೈರಾಯ್ಡ್, ಮೂತ್ರಪಿಂಡಗಳ ಪರೀಕ್ಷೆ ಆಗಾಗ ಆಗಬೇಕು. ನಮ್ಮ ಮನೆಗಳಲ್ಲಿ ನಡೆಯುವ ತಪ್ಪುಗಳೇ ಬೇರೆ: ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಬ್ರೂಫೆನ್, ಬೇಸಿಗೆಯಲ್ಲಿ ನೀರು ಕುಡಿಯದೆ ಹೊಲದಲ್ಲಿ ದುಡಿಯುವುದು, ನೀರೂ ಮುಟ್ಟದ ಉಪವಾಸ, ಬಿಪಿಗೆ ಒಳ್ಳೆಯದೆಂದು ಒಮ್ಮೆಗೇ ಉಪ್ಪು ಬಿಟ್ಟುಬಿಡುವುದು. ದೇಹಕ್ಕೆ ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಮ್ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಏರುತ್ತದೆ. ಇಷ್ಟನ್ನು ತಿಳಿಸಿ ಹೇಳಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವಿಲ್ಲದ ಕಾರಣಕ್ಕೆ ಈ ಔಷಧ ಕೊಡಲು ಹಿಂಜರಿಯುವುದಾದರೆ ಅದು ದೊಡ್ಡ ನಷ್ಟ. ಆತ್ಮಹತ್ಯೆಯ ಅಪಾಯ ತಗ್ಗಿಸುವ ಬಗ್ಗೆ ದೀರ್ಘಕಾಲದ ಅಧ್ಯಯನಗಳಲ್ಲಿ ಇದಕ್ಕಿರುವಷ್ಟು ಬೆಂಬಲ ಇಂಥ ಬೇರೆ ಔಷಧಗಳಿಗಿಲ್ಲ. ಬೆಲೆಯೂ ಕಡಿಮೆ. ಬೈಪೋಲಾರ್ ಇಲ್ಲದ, ಬರೀ ಖಿನ್ನತೆಯ ಮಾತ್ರೆಗೆ ಬಗ್ಗದವರಿಗೂ ಅದೇ ಮಾತ್ರೆಯ ಜೊತೆ ಲಿಥಿಯಮ್ ಸೇರಿಸುವುದು ಹಳೆಯ, ಪರೀಕ್ಷಿತ ದಾರಿ.

ಇನ್ನೊಂದು ದಾರಿಯ ಹೆಸರೆತ್ತಿದರೆ ಸಾಕು, ಕವರ್ ಮಡಚಿಕೊಂಡು ಎದ್ದು ಹೋಗುವವರಿದ್ದಾರೆ. "ಕರೆಂಟ್ ಕೊಡಿಸ್ಬೇಡಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ."

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 1938ರಲ್ಲಿ ರೋಮ್ ನಗರದಲ್ಲಿ ಉಗೋ ಚೆರ್ಲೆಟ್ಟಿ, ಲೂಚೊ ಬೀನಿ ಮೊದಲ ಸಲ ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಇಸಿಟಿ, ಕೊಟ್ಟಾಗ ಅರಿವಳಿಕೆ ಇರಲಿಲ್ಲ. ಮೈ ಸೆಟೆದು ಮೂಳೆ ಮುರಿಯುತ್ತಿದ್ದ ಕಾಲವೊಂದಿತ್ತು. ಸಿನಿಮಾಗಳು ಅದನ್ನು ಶಿಕ್ಷೆಯಂತೆ ತೋರಿಸಿದವು. ಕೆಲವೆಡೆ ನಿಜವಾಗಿಯೂ ಶಿಕ್ಷೆಯಂತೆ ಬಳಸಿದ್ದುಂಟು. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದ ಇಸಿಟಿಯನ್ನು ನಿಷೇಧಿಸಿದೆ. ತುರ್ತು ಚಿಕಿತ್ಸೆ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆಯದೆ ಇದನ್ನು ಕೊಡುವಂತಿಲ್ಲ. ಅಪ್ರಾಪ್ತ ವಯಸ್ಕರಿಗೆ ಪೋಷಕರ ಒಪ್ಪಿಗೆಯ ಜೊತೆಗೆ ಆ ಕಾಯ್ದೆಯಡಿ ರಚಿಸಿದ ಮಂಡಳಿಯ ಅನುಮತಿಯೂ ಬೇಕು.

ಈಗ ನಡೆಯುವುದು ಹೀಗೆ. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ. ಬೆಳಿಗ್ಗೆ ಕೈಗೆ ಸೂಜಿ, ಅರಿವಳಿಕೆ, ಸ್ನಾಯು ಸಡಿಲಿಸುವ ಮದ್ದು. ರೋಗಿ ನಿದ್ದೆ ಹೋದ ಮೇಲೆ ನಾಲಿಗೆ ಕಚ್ಚದಂತೆ ಬಾಯಿಗೆ ಮೆತ್ತೆ, ತಲೆಗೆ ಎರಡು ಬಿಲ್ಲೆ, ಕೆಲವೇ ಸೆಕೆಂಡು ವಿದ್ಯುತ್. ಮಿದುಳಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷದ ತನಕ ಅಪಸ್ಮಾರದ ಅಲೆ ಎದ್ದು ಅಡಗುತ್ತದೆ. ಹೊರಗಿನಿಂದ ನೋಡುವವರಿಗೆ ಕಾಲಬೆರಳು ಸ್ವಲ್ಪ ಅದುರಿದ್ದಷ್ಟೇ ಕಂಡೀತು. ಸ್ವಲ್ಪ ಹೊತ್ತಿನಲ್ಲಿ ಎಚ್ಚರ. ವಾರಕ್ಕೆ ಎರಡೋ ಮೂರೋ ಸಲ, ಒಟ್ಟು ಆರರಿಂದ ಹನ್ನೆರಡು. ಊಟ ನೀರು ಬಿಟ್ಟು ಗೋಡೆ ನೋಡುತ್ತ ಮಲಗಿದವರು, ಸಾಯುವ ಯೋಚನೆ ಗಟ್ಟಿಯಾಗಿ ಕೂತವರು, ತಾನು ಮಹಾಪಾಪಿ ಎಂಬ ಭ್ರಮೆಯಲ್ಲಿ ಸಿಕ್ಕಿಕೊಂಡವರು: ಇಂಥವರಲ್ಲಿ ಇದರಷ್ಟು ಬೇಗ, ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಇನ್ನೂ ಬಂದಿಲ್ಲ. ಮರೆವು ಇದರ ನಿಜವಾದ ಬೆಲೆ. ಚಿಕಿತ್ಸೆಯ ವಾರಗಳ ನೆನಪು ಮಸುಕಾಗುತ್ತದೆ; ಹೆಚ್ಚಿನವರಲ್ಲಿ ನೆನಪಿನ ಶಕ್ತಿ ಮರಳುತ್ತದೆ, ಆದರೆ ಕೆಲವರಿಗೆ ಹಿಂದಿನ ತಿಂಗಳುಗಳ ಕೆಲವು ನೆನಪುಗಳು ಶಾಶ್ವತವಾಗಿ ಅಳಿಸಿಹೋಗುತ್ತವೆ. ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಮುಚ್ಚಿಟ್ಟು ಕೊಟ್ಟರೆ ಭಯ ಇನ್ನೊಂದು ತಲೆಮಾರಿಗೆ ದಾಟುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮಾಡಿದ ಕೆಲಸ ನಾವು ಹೆಮ್ಮೆಪಡುವಂಥದ್ದು. 1982ರಲ್ಲೇ ಬಿ.ಎನ್. ಗಂಗಾಧರ್, ಆರ್.ಎಲ್. ಕಪೂರ್ ಮತ್ತು ಸಂಗಡಿಗರು ಇಸಿಟಿಯನ್ನು ಇಮಿಪ್ರಮಿನ್ ಮಾತ್ರೆಯ ಎದುರು ತೂಗಿ ನೋಡಿದ್ದರು. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಪರೀಕ್ಷಿಸುವವರಿಗೂ ಗೊತ್ತಾಗದಂತೆ ಮಾಡಿದ ಪ್ರಯೋಗ ಅದು. 2000ದಲ್ಲಿ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನ 45 ರೋಗಿಗಳನ್ನು ಮೂರು ಗುಂಪು ಮಾಡಿತು: ಒಂದಕ್ಕೆ ಇಸಿಟಿ, ಒಂದಕ್ಕೆ ಇಮಿಪ್ರಮಿನ್, ಒಂದಕ್ಕೆ ಸುದರ್ಶನ ಕ್ರಿಯಾ ಯೋಗ. ನಾಲ್ಕು ವಾರದ ಕೊನೆಗೆ ಇಸಿಟಿ ಗುಂಪಿನಲ್ಲಿ ನೂರಕ್ಕೆ 93, ಮಾತ್ರೆಯವರಲ್ಲಿ 73, ಯೋಗದವರಲ್ಲಿ 67 ಮಂದಿ ಚೇತರಿಸಿಕೊಂಡಿದ್ದರು. ಸಣ್ಣ ಅಧ್ಯಯನ, ನಿಜ. ಆದರೂ ಯೋಗ ಕೆಲಸಕ್ಕೆ ಬಾರದು ಎನ್ನುವವರಿಗೂ, ಯೋಗವೊಂದೇ ಸಾಕು ಎನ್ನುವವರಿಗೂ ಅದರಲ್ಲಿ ಉತ್ತರವಿದೆ.

ಇಸಿಟಿಯಿಂದ ಗುಣವಾಗುವುದು ಒಂದು, ಗುಣ ಉಳಿಯುವುದು ಇನ್ನೊಂದು. ಇಸಿಟಿಯಿಂದ ಚೇತರಿಸಿಕೊಂಡವರನ್ನು ಆರು ತಿಂಗಳು ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಆಮೇಲೆ ಬರೀ ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ 84 ಮಂದಿಗೆ ಖಿನ್ನತೆ ಮರಳಿತು. ನಾರ್ಟ್ರಿಪ್ಟಿಲಿನ್ ಪಡೆದವರಲ್ಲಿ 60, ಅದರೊಂದಿಗೆ ಲಿಥಿಯಮ್ ಸೇರಿಸಿದವರಲ್ಲಿ 39. ಕೊನೆಯ ಶಾಕ್ ಆದ ದಿನ ಡಿಸ್ಚಾರ್ಜ್ ಮಾಡಿ, ಇನ್ನು ಮಾತ್ರೆ ಬೇಡ ಎಂದು ಮನೆಯವರೇ ತೀರ್ಮಾನಿಸುವುದು ಎಷ್ಟು ದುಬಾರಿ ಎಂದು ಈ ಮೂರು ಅಂಕಿಗಳು ಹೇಳುತ್ತವೆ.

ಮನೆ ಎಂದಾಗ ‘ಶರಪಂಜರ’ ನೆನಪಾಗದೆ ಇರದು. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ತೆರೆಗೆ ತಂದರು. ಕಲ್ಪನಾ ಅಭಿನಯಿಸಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಬರುತ್ತಾಳೆ. ಅವಳು ಮತ್ತೆ ಮುರಿದು ಬೀಳುವುದು ಮನೆಯವರ, ನೆರೆಯವರ ಅನುಮಾನದ ನೋಟದಲ್ಲಿ. ಐವತ್ತು ವರ್ಷ ದಾಟಿದರೂ ಆ ನೋಟ ನಮ್ಮ ಬೀದಿಗಳಲ್ಲಿ ಹಾಗೇ ಇದೆ.

ಹೊಸ ದಾರಿಗಳ ಸುದ್ದಿ ಹೆಚ್ಚು ಓಡುವುದು ಕೀಟಮಿನ್ ಸುತ್ತ. ಆಪರೇಷನ್ ಥಿಯೇಟರುಗಳಲ್ಲಿ ದಶಕಗಳಿಂದ ಅರಿವಳಿಕೆಗೆ ಬಳಸುತ್ತಿರುವ ಔಷಧ ಇದು. ಕಡಿಮೆ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಮಾತ್ರೆಗಳಿಗೆ ವಾರಗಳು ಹಿಡಿಯುವ ಕೆಲಸವನ್ನು ಗಂಟೆಗಳಲ್ಲಿ ಮಾಡಬಲ್ಲದು ಎಂದು 2000ದಲ್ಲೂ, ಆಮೇಲೆ 2006ರಲ್ಲೂ ಅಮೆರಿಕದ ಪುಟ್ಟ ಪ್ರಯೋಗಗಳು ತೋರಿಸಿದವು. ಅದರದೇ ಒಂದು ರೂಪವಾದ ಎಸ್‌ಕೀಟಮಿನ್‌ನ ಮೂಗಿನ ಸ್ಪ್ರೇಗೆ 2019ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಸಿಂಪಡಿಸಿಕೊಂಡ ಮೇಲೆ ಕನಿಷ್ಠ ಎರಡು ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು. 2023ರಲ್ಲಿ ಸುಮಾರು 400 ರೋಗಿಗಳಲ್ಲಿ ಕೀಟಮಿನ್ ಮತ್ತು ಇಸಿಟಿಯನ್ನು ಎದುರುಬದುರು ನಿಲ್ಲಿಸಿದಾಗ ಕೀಟಮಿನ್ ಪಡೆದವರಲ್ಲಿ ನೂರಕ್ಕೆ 55, ಇಸಿಟಿಯವರಲ್ಲಿ 41 ಮಂದಿಗೆ ಗುಣ ಕಂಡಿತು. ಇದನ್ನು ಓದಿ ಇಸಿಟಿಯ ಕಾಲ ಮುಗಿಯಿತು ಎಂದವರಿದ್ದಾರೆ. ಭ್ರಮೆಗಳಿರುವ ತೀವ್ರ ಖಿನ್ನತೆಯವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಇಸಿಟಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಅವರಲ್ಲೇ. ಕೀಟಮಿನ್‌ನ ಪರಿಣಾಮ ಬೇಗ ಬರುವಂತೆ ಬೇಗ ಇಳಿಯಲೂಬಹುದು, ಬಿಪಿ ಏರಿಸುತ್ತದೆ, ಚಟವಾಗುವ ಅಪಾಯವೂ ಇದೆ. ಮನೆಗೆ ತಂದು ಇಟ್ಟುಕೊಳ್ಳುವ ಔಷಧ ಇದಲ್ಲ.

ಕಾಂತಕ್ಷೇತ್ರದಿಂದ ಮಿದುಳಿನ ಮುಂಭಾಗವನ್ನು ಪ್ರಚೋದಿಸುವ ಟಿಎಂಎಸ್ ಚಿಕಿತ್ಸೆಗೆ ಅರಿವಳಿಕೆ ಬೇಡ, ಮರೆವಿನ ಭಯವಿಲ್ಲ. ತಲೆಯ ಪಕ್ಕ ಸುರುಳಿ ಹಿಡಿದು ಟಕಟಕ ಸದ್ದಿನ ನಡುವೆ ಅರ್ಧ ಗಂಟೆ ಕೂತರಾಯಿತು. ಆದರೆ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ದಿನವೂ ಬರಬೇಕು. ಬೆಂಗಳೂರಿನಲ್ಲಿರುವವರಿಗೆ ಅದು ಸಾಧ್ಯ. ಕೂಲಿ ಬಿಟ್ಟು ಸಿಂಧನೂರಿನಿಂದ ಯಾರು ಬರುತ್ತಾರೆ? ಮಿದುಳಿನ ಆಳಕ್ಕೆ ತಂತಿ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಹೆಲೆನ್ ಮೇಬರ್ಗ್ ತಂಡ 2005ರಲ್ಲಿ ಟೊರಾಂಟೊದಲ್ಲಿ ಆರು ಮಂದಿಯ ಮೇಲೆ ಮಾಡಿ, ನಾಲ್ವರಲ್ಲಿ ದೊಡ್ಡ ಬದಲಾವಣೆ ಕಂಡಿತು. ಅದು ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ.

ಮಾತಿನ ಚಿಕಿತ್ಸೆಯನ್ನು ಕೊನೆಗೆ ಇಟ್ಟಿರುವುದು ಅದು ಕೊನೆಯದೆಂಬ ಅರ್ಥದಲ್ಲಲ್ಲ. ಮಾತ್ರೆಗೆ ಬಗ್ಗದ 469 ಮಂದಿಯ ಮೇಲೆ ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ಚಿಕಿತ್ಸೆಯ ಜೊತೆಗೆ ಸಿಬಿಟಿ ಎಂಬ ಕ್ರಮಬದ್ಧ ಆಪ್ತಸಮಾಲೋಚನೆ ಪಡೆದವರಲ್ಲಿ ಆರು ತಿಂಗಳಿಗೆ ನೂರಕ್ಕೆ 46 ಮಂದಿಗೆ ಒಳ್ಳೆಯ ಗುಣ ಕಂಡಿತು. ಎಂದಿನ ಚಿಕಿತ್ಸೆಯಷ್ಟೇ ಪಡೆದವರಲ್ಲಿ 22. ಬೈಪೋಲಾರ್ ಇರುವವರಿಗೆ ದಿನದ ಲಯ ಬಹಳ ಮುಖ್ಯ. ಏಳುವ, ಉಣ್ಣುವ, ಜನರನ್ನು ಕಾಣುವ, ಮಲಗುವ ಹೊತ್ತನ್ನು ಗಟ್ಟಿಯಾಗಿ ಹಿಡಿಯುವುದನ್ನೇ ಪಿಟ್ಸ್‌ಬರ್ಗಿನ ಎಲೆನ್ ಫ್ರ್ಯಾಂಕ್ ಒಂದು ಚಿಕಿತ್ಸೆಯಾಗಿ ಬೆಳೆಸಿದರು. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ಕಾಲ್‌ಸೆಂಟರಿನ ರಾತ್ರಿಪಾಳಿ, ಮದುವೆಮನೆಯ ಓಡಾಟ, ಶಿವರಾತ್ರಿಯ ಜಾಗರಣೆ ಯಾವುದಾದರೂ ಆದೀತು. ಮಾತ್ರೆ ತೆಗೆದುಕೊಳ್ಳುವ ಮಗನಿಗೆ ಈ ವರ್ಷ ಜಾಗರಣೆ ಬೇಡ ಎನ್ನುವ ತಾಯಿಯನ್ನು ಶಿವ ಖಂಡಿತ ಕ್ಷಮಿಸುತ್ತಾನೆ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ದಪ್ಪ ಕವರ್ ಹಿಡಿದು ಬಂದವರು ಉಳಿದ ಹದಿನೈದರಲ್ಲಿ ಸೇರಿದವರು. ಬಂದರು, ನುಂಗಿದರು, ಕಾದರು. ಅವರನ್ನು ಮೂರನೆಯ ಮೆಟ್ಟಿಲಲ್ಲಿ ಕೈಬಿಡುವುದು ನನಗೆ ಸಹಿಸಲಾಗದ ಸಂಗತಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರುವ ‘ಮನೋಚೈತನ್ಯ’ ನಮ್ಮ ರಾಜ್ಯದಲ್ಲಿದೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಬದುಕು ಬೇಡವೆನಿಸುವ ರಾತ್ರಿ ‘ಟೆಲಿ ಮಾನಸ್’ಗೆ, 14416ಕ್ಕೆ ಕರೆ ಮಾಡಿದರೆ ಹಗಲುರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ, ದುಡ್ಡು ಖರ್ಚಿಲ್ಲ.

ಹೋಗುವ ಮುನ್ನ ಒಂದು ಕೆಲಸ ಮಾಡಬಹುದು. ಮಕ್ಕಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಗೆರೆ ಎಳೆಯಿರಿ: ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಂದಿನಿಂದ ಎಂದಿನವರೆಗೆ, ಏನಾಯಿತು, ಯಾಕೆ ಬಿಟ್ಟಿರಿ. ರೋಗಿಗೆ ನೆನಪಿಲ್ಲದಿದ್ದರೆ ಜೊತೆಗಿರುವ ಅಮ್ಮನಿಗೋ ಅಕ್ಕನಿಗೋ ನೆನಪಿರುತ್ತದೆ. ಕೆಳಗೆ ಇನ್ನೆರಡು ಸಾಲು: ನಿದ್ದೆಯಿಲ್ಲದೆಯೂ ಹುಮ್ಮಸ್ಸಿನಲ್ಲಿದ್ದ ದಿನಗಳು ಯಾವಾಗ, ಮನೆತನದಲ್ಲಿ ಯಾರಿಗೆ ಏನಿತ್ತು. ಆ ಹಾಳೆಯನ್ನು ಕವರಿನಲ್ಲಿ ಎಲ್ಲಕ್ಕಿಂತ ಮೇಲಿಡಿ. "ನಾಟಲಿಲ್ಲ" ಎಂದು ನೀವು ತಿಳಿದ ಔಷಧದ ಎದುರು "ಹನ್ನೊಂದು ದಿನ" ಎಂದಿದ್ದರೆ, ಡಾಕ್ಟರು ಅಲ್ಲಿಂದಲೇ ಶುರುಮಾಡಬಹುದು.